ಸಕ್ಕಿಂಗ್ ಗಾಡಿ ಎಲ್ಲಿಗೆ ಹೋಗುತ್ತದೆ?

ತುಮಕೂರು ಜಿಲ್ಲೆಯ ಪಟ್ಟಣವೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಊರಿಗೆ ಒಳಚರಂಡಿ ಇಲ್ಲ. ಶೌಚದ ಗುಂಡಿ ತುಂಬಿದಾಗ ದುಡ್ಡು ಕೊಟ್ಟು ಸಕ್ಕಿಂಗ್ ಗಾಡಿ ಕರೆಸುತ್ತೇವೆ. ಅದು ಊರಾಚೆಯ ಹಳ್ಳಕ್ಕೆ ಸುರಿಯುವುದನ್ನು ಕಣ್ಣಾರೆ ಕಂಡೆ. ಒಳಚರಂಡಿ ಬರುವವರೆಗೆ ಇದೇ ಗತಿಯೇ?’

ಸಂಪಾದಕರ ಉತ್ತರ:

ಖಂಡಿತ ಅಲ್ಲ. ಹಳ್ಳಕ್ಕೆ ಹೊಲಸು ಸುರಿಯುವುದು 1974ರ ಜಲಮಾಲಿನ್ಯ ಕಾಯ್ದೆಯ ಪ್ರಕಾರ ನಿಷಿದ್ಧ. ಊರಿಗೆ ಒಳಚರಂಡಿ ಇಲ್ಲದಿರುವುದು ಅದಕ್ಕೆ ರಿಯಾಯಿತಿ ಕೊಡುವುದಿಲ್ಲ.

ಒಳಚರಂಡಿಯ ಮೇಲೆ ನೀವು ಇಟ್ಟಿರುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಕೊಳವೆಯಲ್ಲಿ ಮಲ ಹರಿದುಹೋಗಲು ಧಾರಾಳ ನೀರು ಬೇಕು. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಕೇಂದ್ರದ ಮಾನದಂಡ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಕೊಳವೆ ಕಟ್ಟಿಕೊಳ್ಳುತ್ತದೆ. ಕಾಮಗಾರಿ ಮುಗಿದ ಮೇಲೂ ಪಂಪಿನ ವಿದ್ಯುತ್ ಬಿಲ್ಲು, ದುರಸ್ತಿ, ಮನೆಮನೆಯ ಸಂಪರ್ಕ ಎಲ್ಲವೂ ಪುರಸಭೆಯ ತಲೆಗೇ ಬರುತ್ತವೆ.

ಒಳಚರಂಡಿಗಾಗಿ ಕಾಯುತ್ತ ಕೂರದೆ ದಾರಿ ಕಂಡುಕೊಂಡ ಊರು ದೇವನಹಳ್ಳಿ. 2011ರ ಜನಗಣತಿಯಲ್ಲಿ ಸುಮಾರು 28 ಸಾವಿರ ಜನರಿದ್ದ ಆ ಪಟ್ಟಣದಲ್ಲಿ 2015ರಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಯಿತು. ದಿನಕ್ಕೆ ಆರು ಸಾವಿರ ಲೀಟರಿನ ಚಿಕ್ಕ ಘಟಕ. ಗಾಡಿ ತಂದ ಹೂಳು ಅಲ್ಲಿ ತೊಟ್ಟಿಗಳಲ್ಲಿ ಕೊಳೆತು, ಒಣಗುವ ಹಾಸಿಗೆಗಳಿಗೆ ಬರುತ್ತದೆ; ಬಸಿದ ನೀರು ಬೇರೆಯಾಗಿ ಶುದ್ಧವಾಗುತ್ತದೆ. ಒಣಗಿದ್ದನ್ನು ಊರಿನ ಹಸಿ ಕಸದೊಂದಿಗೆ ಕಲಸಿ ಗೊಬ್ಬರ ಮಾಡುತ್ತಾರೆ. ಹಸಿ ಹೂಳನ್ನು ನೇರವಾಗಿ ಹೊಲಕ್ಕೆ ಹಾಕಿದರೆ ಜಂತುಹುಳುವಿನ ಮೊಟ್ಟೆಗಳೂ ಜೊತೆಗೆ ಹೋಗುತ್ತವೆ. ಕೊಳೆತು ಕಾವೇರಿದ ಗೊಬ್ಬರದಲ್ಲಿ ಆ ಭಯ ಕಡಿಮೆ. ಬಚ್ಚಲು ನೀರಿಗೆ ಮಾತ್ರ ಈ ಘಟಕ ಪರಿಹಾರವಲ್ಲ, ಅದಕ್ಕೆ ಬೇರೆ ಏರ್ಪಾಡೇ ಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ ಇನ್ನೊಂದಿದೆ. ಗುಂಡಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ನಾವು ಅದು ಉಕ್ಕಿ ನಾರುವವರೆಗೂ ಮರೆತಿರುತ್ತೇವೆ. ಅಷ್ಟರಲ್ಲಿ ತಳದ ಹೂಳು ಗಟ್ಟಿಯಾಗಿರುತ್ತದೆ, ಯಂತ್ರ ಎಳೆಯುವುದಿಲ್ಲ. ಆಗ ಯಾರೋ ಬಡವನ ಕೈಗೆ ಸಲಿಕೆ ಕೊಟ್ಟು ಒಳಗಿಳಿಸುತ್ತಾರೆ. ಒಳಗಿನ ವಿಷಾನಿಲ ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಎತ್ತಲು ಇಳಿದವನೂ ಅಲ್ಲೇ ಉಳಿಯುತ್ತಾನೆ. ಮಲ ಹೊರುವ ಪದ್ಧತಿಯ ವಿರುದ್ಧ ಬಂದ 2013ರ ಕಾಯ್ದೆ ಹೀಗೆ ಇಳಿಸುವುದನ್ನು ನಿಷೇಧಿಸಿದೆ. ಇಂಥ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಸಾವು ನಿಂತಿಲ್ಲ. ಆದ್ದರಿಂದ ಗುಂಡಿ ಖಾಲಿ ಮಾಡಿಸುವ ಸರದಿಯನ್ನು ಮನೆಯವರ ನೆನಪಿಗೆ ಬಿಡದೆ, ವಾರ್ಡುವಾರು ಪಟ್ಟಿ ಮಾಡಿ ಪುರಸಭೆಯೇ ನಡೆಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೀವು ಮಾಹಿತಿ ಹಕ್ಕಿನಡಿ ಪುರಸಭೆಯ ಮಾಹಿತಿ ಅಧಿಕಾರಿಗೆ ಒಂದು ಅರ್ಜಿ ಹಾಕಿ. ಊರಿನಲ್ಲಿ ಓಡುವ ಗಾಡಿಗಳಲ್ಲಿ ಎಷ್ಟಕ್ಕೆ ಪರವಾನಗಿ ಇದೆ, ಅವು ಎಲ್ಲಿ ಸುರಿಯಬೇಕೆಂದು ಆದೇಶವಿದೆ, ಪ್ರತಿ ಗಾಡಿಯ ಓಡಾಟದ ದಾಖಲೆ ಯಾರ ಬಳಿ ಇದೆ ಎಂದು ಕೇಳಿ. ಹಳ್ಳದ ಬದಿಯ ಫೋಟೋ ಇದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೂ ದೂರು ಕೊಡಿ. ಬಂದ ಉತ್ತರದ ಪ್ರತಿಯನ್ನು ನಮಗೆ ಕಳುಹಿಸಿ, ಪ್ರಕಟಿಸುತ್ತೇವೆ.