ಐರಿಸ್ ಟ್ರೀ ಯಾರು? ಬ್ಲೂಮ್ಸ್‌ಬರಿ ಬಳಗದ ಸದಸ್ಯೆಯೇ?

ಸದಸ್ಯೆಯಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಲಂಡನ್ನಿನ ಆ ಲೇಖಕ-ಕಲಾವಿದರ ಬಳಗದ ಚಿತ್ರಕಾರರಿಗೆ ರೂಪದರ್ಶಿಯಾಗಿದ್ದವಳು, ಅವರ ಒಡನಾಡಿ. ಹಳೆಯ ಕ್ಯಾನ್ವಾಸ್‌ಗಳಲ್ಲಿ ಪದೇ ಪದೇ ಕಾಣುವುದರಿಂದ ಈ ಗೊಂದಲ.

ಹುಟ್ಟಿದ್ದು 1897ರಲ್ಲಿ, ಲಂಡನ್ನಿನ ಹೆಸರಾಂತ ನಟ, ರಂಗಮಂದಿರದ ಒಡೆಯ ಹರ್ಬರ್ಟ್ ಬೀರ್‌ಬೋಮ್ ಟ್ರೀ ಅವರ ಕಿರಿಯ ಮಗಳಾಗಿ. ಸ್ಲೇಡ್ ಕಲಾಶಾಲೆಯಲ್ಲಿ ಓದುವ ವಯಸ್ಸಿಗೇ ಜಡೆ ಕತ್ತರಿಸಿ, ಹಣೆಯ ಮೇಲೆ ನೇರ ಮುಂಗೂದಲು ಬಿಟ್ಟಿದ್ದಳು. ಬಾಬ್ ಕಟ್ ಫ್ಯಾಷನ್ ಆಗುವುದಕ್ಕೆ ಎಷ್ಟೋ ಮೊದಲು! ಚಿತ್ರಗಳಲ್ಲಿ ಅವಳನ್ನು ಗುರುತಿಸಲು ಆ ಕೂದಲೇ ಸಾಕು. 1915ರಲ್ಲಿ ಆ ಬಳಗದ ಚಿತ್ರಕಾರರಾದ ವನೆಸ್ಸಾ ಬೆಲ್, ಡಂಕನ್ ಗ್ರಾಂಟ್, ರೋಜರ್ ಫ್ರೈ ಮೂವರೂ ಅವಳ ಭಾವಚಿತ್ರ ಬರೆದರು. ಶಿಲ್ಪಿ ಜೇಕಬ್ ಎಪ್‌ಸ್ಟೀನ್ ಅವಳ ತಲೆಯ ಶಿಲ್ಪ ಮಾಡಿದ. ಮ್ಯಾನ್ ರೇ ಫೋಟೋ ತೆಗೆದದ್ದು ಆಮೇಲೆ.

ಬರೇ ರೂಪದರ್ಶಿ ಎಂದು ಬದಿಗಿಡುವುದು ಅನ್ಯಾಯ. ಕವಯಿತ್ರಿಯರಾದ ಎಡಿತ್ ಸಿಟ್‌ವೆಲ್, ನ್ಯಾನ್ಸಿ ಕ್ಯೂನಾರ್ಡ್ ಅವರ ಜೊತೆ ‘ವೀಲ್ಸ್’ ಕವಿತಾ ಸಂಕಲನದಲ್ಲಿ ಅವಳ ಕವಿತೆಗಳೂ ಬಂದವು. 1920ರ ದಶಕದಲ್ಲಿ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್‌ನ ‘ದಿ ಮಿರಾಕಲ್’ ನಾಟಕದೊಂದಿಗೆ ಅಮೆರಿಕದಲ್ಲಿ ಸುತ್ತಿದಳು. ಸಿನಿಮಾದಲ್ಲಿ ನೋಡಬೇಕೆಂದರೆ ಇಟಲಿಯ ನಿರ್ದೇಶಕ ಫೆಲಿನಿಯ ‘ಲಾ ದೋಲ್ಚೆ ವೀಟಾ’ (1960): ಬುದ್ಧಿಜೀವಿ ಸ್ಟೈನರ್‌ನ ಮನೆಯ ಕೂಟದಲ್ಲಿ ಕವಯಿತ್ರಿಯಾಗಿ ಕೂತಿರುವವಳು ಇವಳೇ. ಪಾತ್ರ ಚಿಕ್ಕದು, ಗಮನವಿಡದಿದ್ದರೆ ತಪ್ಪಿಹೋಗುತ್ತದೆ. ತೀರಿಕೊಂಡದ್ದು 1968ರಲ್ಲಿ.