ಓಕ್ ಕಾಡಿಗೆ ಹಚ್ಚುವ ಬೆಂಕಿ, ಕಲಘಟಗಿಯ ಕಾಡಿಗೆ ಬೀಳುವ ಬೆಂಕಿ

ಪ್ರಶ್ನೆ: ನಮ್ಮ ಹೊಲದ ಅಂಚಿಗೇ ಸಾಗವಾನಿ, ಮತ್ತಿ ಮರಗಳ ಕಾಡಿದೆ. ಪ್ರತಿ ಬೇಸಿಗೆಯಲ್ಲೂ ಬೆಂಕಿ ಬೀಳುತ್ತದೆ. ಅಮೆರಿಕದಲ್ಲಿ ಓಕ್ ಕಾಡಿಗೆ ಅರಣ್ಯದವರೇ ಬೆಂಕಿ ಹಚ್ಚುತ್ತಾರೆ ಎಂದು ಓದಿದೆ. ಹಾಗಾದರೆ ಬೆಂಕಿ ಕಾಡಿಗೆ ಒಳ್ಳೆಯದೇ?
(ರೈತರೊಬ್ಬರು, ಕಲಘಟಗಿ ತಾಲ್ಲೂಕು)

ಉತ್ತರ: ನೀವು ಓದಿದ್ದು ನಿಜ. ಓಕ್ ಬಿಸಿಲು ಬೇಡುವ ಮರ. ಅದರ ಕಾಯಿಗಳನ್ನು ಅಳಿಲುಗಳು ಮಣ್ಣಿನಲ್ಲಿ ಹೂತಿಡುತ್ತವೆ. ಮೊಳೆತ ಸಸಿ ಮೊದಲು ಬೇರನ್ನು ಬಲಪಡಿಸಿಕೊಳ್ಳುತ್ತದೆ. ಕಾಂಡ ಸುಟ್ಟರೂ ನೆಲದೊಳಗಿನ ಮೊಗ್ಗು ಮತ್ತೆ ಚಿಗುರುತ್ತದೆ. ತೆಳು ತೊಗಟೆಯ ಮೇಪಲ್, ಬೀಚ್ ಸಸಿಗಳಿಗೆ ಅಷ್ಟು ತಾಳಿಕೆಯಿಲ್ಲ. 20ನೇ ಶತಮಾನದಲ್ಲಿ ಅಮೆರಿಕದ ಪೂರ್ವ ಭಾಗದಲ್ಲಿ ಬೆಂಕಿಯನ್ನು ಕಟ್ಟುನಿಟ್ಟಾಗಿ ತಡೆದಾಗ ಮೇಪಲ್ ಹೆಚ್ಚಿ ನೆರಳು ದಟ್ಟವಾಯಿತು, ಹಳೆಯ ಓಕ್‌ಗಳ ಕೆಳಗೆ ಎಳೆಯ ಓಕ್ ಮೇಲೇಳದಾಯಿತು. ಅದಕ್ಕೇ ಈಗ ಗಾಳಿ, ತೇವ ನೋಡಿಕೊಂಡು ಕೆಲವು ವರ್ಷಕ್ಕೊಮ್ಮೆ ನೆಲದ ತರಗೆಲೆಯನ್ನಷ್ಟೇ ಸುಡುತ್ತಾರೆ.

ಸಾಗವಾನಿಗೂ ಇಂಥದೇ ಗುಣವಿದೆ. ಸುಟ್ಟ ಜಾಗದಲ್ಲಿ ಕರಕಲು ಕಡ್ಡಿಯಂತೆ ನಿಂತ ಒಂದು ಸಸಿಯ ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ ನೋಡಿ. ಕೆಳಗೆ ಗಜ್ಜರಿಯಂತೆ ಉಬ್ಬಿದ ಬೇರು, ಅದರ ತಲೆಯ ಮೇಲೆ ಒಣಗಿದ ಹಳೆಯ ಮೋಟುಗಳು ಕಾಣಬಹುದು. ಸಸಿ ಅಷ್ಟು ಸಲ ಸತ್ತು ಚಿಗುರಿದೆ. ನರ್ಸರಿಯವರು ಸಾಗವಾನಿಯ ಸ್ಟಂಪ್, ಅಂದರೆ ಕಾಂಡವನ್ನು ಬುಡದ ಹತ್ತಿರವೇ ಕತ್ತರಿಸಿದ ಬೇರಿನ ತುಂಡು, ನೆಡುವುದೂ ಈ ಬೇರನ್ನು ನಂಬಿಯೇ. ಬೆಳೆದ ಮತ್ತಿಗಂತೂ ಮೊಸಳೆ ಚರ್ಮದಂಥ ತೊಗಟೆಯೇ ರಕ್ಷೆ.

ಆದರೆ ನಿಮ್ಮ ಪ್ರಶ್ನೆಯಲ್ಲಿರುವ 'ಪ್ರತಿ ಬೇಸಿಗೆ' ಎಂಬ ಮಾತು ನನ್ನನ್ನು ಕಳವಳಗೊಳಿಸಿತು. ಸಸಿ ಜ್ವಾಲೆಗಿಂತ ಎತ್ತರ ಬೆಳೆದು ತೊಗಟೆ ದಪ್ಪವಾಗಲು ಬೆಂಕಿಯಿಲ್ಲದ ಕೆಲವು ವರ್ಷಗಳು ಬೇಕೇ ಬೇಕು. ವರ್ಷ ವರ್ಷವೂ ಸುಟ್ಟರೆ ಬೇರಿನಲ್ಲಿ ಕೂಡಿಟ್ಟದ್ದೆಲ್ಲ ಚಿಗುರುವುದಕ್ಕೇ ಕರಗುತ್ತದೆ. ತೆಳು ತೊಗಟೆಯ ಶ್ರೀಗಂಧ ಇನ್ನೂ ಬೇಗ ಸಾಯುತ್ತದೆ; ನನಗೆ ಹೆಚ್ಚು ನೋವಾಗುವುದು ಅದಕ್ಕೆ. ತೆರವಾದ ಜಾಗಕ್ಕೆ ಲಂಟಾನ ನುಗ್ಗುತ್ತದೆ, ಸುಟ್ಟರೂ ಬುಡದಿಂದ ಚಿಗುರುತ್ತದೆ, ಒಣಗಿದಾಗ ಮುಂದಿನ ಬೆಂಕಿಗೆ ತಾನೇ ಸೌದೆಯಾಗುತ್ತದೆ.

ಮಳೆ ಬಿದ್ದ ಮೇಲೆ ಒಮ್ಮೆ ಕಾಡಿನೊಳಗೆ ನಡೆದು ನೋಡಿ. ದೊಡ್ಡ ಮರಗಳಿವೆ, ಮೊಣಕಾಲೆತ್ತರದ ಸಸಿಗಳೂ ಇವೆ, ಮುಂಗೈ ದಪ್ಪದ ಎಳೆಯ ಮರಗಳೇ ಇಲ್ಲವೆಂದರೆ ಅಲ್ಲಿ ಬೆಂಕಿ ಅತಿಯಾಗಿದೆ ಎಂದು ತಿಳಿಯಿರಿ. ನೀವಾಗಿ ಮಾತ್ರ ಬೆಂಕಿ ಹಚ್ಚಬೇಡಿ. ಮೀಸಲು ಅರಣ್ಯದಲ್ಲಿ ಅದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ. ಗೋವಿನಜೋಳದ ರವದಿಯನ್ನು ಸುಡದೆ ಹೊಲದಲ್ಲೇ ಕೊಳೆಸಿ. ಬೇಸಿಗೆ ಹತ್ತುವ ಮೊದಲೇ ನಿಮ್ಮ ಬದುವಿನ ಒಣ ಹುಲ್ಲನ್ನು ಕೊಯ್ದು ದನಗಳಿಗೆ ಹಾಕಿ.