ಬೋಟು ಬಂದ್ ಇರುವ 61 ದಿನ ಸಾಕಾ?

ಅಂಕೋಲೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಕಾರವಾರದ ಬೈತಖೋಲ್ ಬಂದರಿನ ಟ್ರಾಲರ್ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುವವರು. ಹೊಸದಾಗಿ ಮದುವೆಯಾಗಿದೆ. ಆಗಸ್ಟಿನಿಂದ ಮಗುವಿಗೆ ಪ್ರಯತ್ನಿಸುವ ಯೋಚನೆ. "ಡಾಕ್ಟರು ಹೆಂಡತಿಗೆ ಫೋಲಿಕ್ ಆಸಿಡ್ ಮಾತ್ರೆ ಕೊಟ್ಟರು. ನನಗೇನೂ ಹೇಳಲಿಲ್ಲ. ಜೂನ್, ಜುಲೈ ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟು ಬಂದ್. ಆಗ ಬೀಡಿ ಬಿಟ್ಟರೆ ಸಾಕಾ? ಎಂಜಿನ್ ಸೆಕೆಗೂ ಇದಕ್ಕೂ ಸಂಬಂಧ ಇದೆಯಾ?"

ನಿಮ್ಮ ಪತ್ರ ಓದಿ ಖುಷಿಯಾಯಿತು. ಈ ಪ್ರಶ್ನೆಯನ್ನು ಗಂಡಸರು ಕೇಳುವುದೇ ಅಪರೂಪ.

ಮೊದಲು ಲೆಕ್ಕ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಅದು ಬಲಿತು ಹೊರಬರಲು ಇನ್ನೂ ಒಂದೆರಡು ವಾರ. ಅಂದರೆ ಹತ್ತಿರ ಹತ್ತಿರ ಮೂರು ತಿಂಗಳು. ಬೋಟು ಬಂದ್ ಇರುವುದು 61 ದಿನ. ಜೂನ್ ಒಂದಕ್ಕೆ ಬೀಡಿ ಬಿಟ್ಟರೆ ಅದರ ಪೂರ್ತಿ ಫಲ ಸಿಗುವಾಗ ಆಗಸ್ಟ್ ಮುಗಿದಿರುತ್ತದೆ. ಹಾಗಾಗಿ ಮೇ ತಿಂಗಳಿಗೇ ಶುರು ಮಾಡಿ. ಇವತ್ತೇ ಬಿಟ್ಟರೆ ಇನ್ನೂ ಒಳ್ಳೆಯದು. ಆದರೆ ಬೀಡಿ ಬಿಟ್ಟು ಗುಟ್ಕಾ ಹಿಡಿಯಬೇಡಿ! ತಂಬಾಕು ಯಾವ ರೂಪದಲ್ಲಿ ಒಳಗೆ ಹೋದರೂ ವೀರ್ಯಾಣುವಿಗೆ ಪೆಟ್ಟೇ. ನಾನು ಶಿರಸಿ ಕಡೆಯವನು, ಪಕ್ಕದಲ್ಲಿ ಕವಳದ (ಎಲೆ-ಅಡಿಕೆಯ) ತಟ್ಟೆ ಇಟ್ಟುಕೊಂಡೇ ಪ್ರೂಫ್ ತಿದ್ದಿದವನು. ಮೊದಲು ಹೊಗೆಸೊಪ್ಪು ಬಿಟ್ಟೆ, ಆಮೇಲೆ ಕವಳವನ್ನೇ ಬಿಟ್ಟೆ. ಮೊದಲ ಹದಿನೈದು ದಿನ ಮನೆಯವರ ಮೇಲೆಲ್ಲಾ ರೇಗಾಡಿದ್ದೆ. ನಿಮ್ಮ ಮನೆಯಲ್ಲೂ ಮೊದಲೇ ಹೇಳಿಡಿ.

ಸೆಕೆಯ ವಿಷಯ. ನೀವು ಕೇಳಿದ್ದು ಸರಿಯಾಗಿದೆ. ವೃಷಣಗಳು ಹೊಟ್ಟೆಯೊಳಗಿರದೆ ಹೊರಗೆ ಇರುವುದೇ ಅವುಗಳಿಗೆ ಮೈಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪು ಬೇಕು ಅಂತ. ಎಂಜಿನ್ ಪಕ್ಕ ಗಂಟೆಗಟ್ಟಲೆ ಕೂತರೆ ಆ ತಂಪು ಸಿಗುವುದಿಲ್ಲ. ಕೆಲಸ ಬಿಡಿ ಅನ್ನುವುದಿಲ್ಲ, ಹೊಟ್ಟೆಪಾಡು. ಆಯಿಲ್ ನೋಡಿ ಆದಮೇಲೆ ಮೇಲೆ ಗಾಳಿಗೆ ಬನ್ನಿ. ನಿದ್ದೆಯನ್ನೂ ಮೇಲೆಯೇ ಮಾಡಿ. ಬಿಗಿ ಜೀನ್ಸ್ ಬದಲು ಲುಂಗಿ ಉಡಿ. ಮಳೆಗಾಲದಲ್ಲಿ ಹಂಡೆಯ ಬಿಸಿನೀರು ಸುರಿದುಕೊಳ್ಳಲು ಹೆದರಬೇಡಿ, ಅದು ಐದು ನಿಮಿಷದ ಮಾತು.

ಬೋಟು ಬಂದ್ ಇದ್ದಾಗ ಕುಡಿತ ಜಾಸ್ತಿಯಾಗುತ್ತದೆ, ಅಲ್ವಾ? ಅದಕ್ಕೆ ಕಡಿವಾಣ ಹಾಕಿ. ಹೊಟ್ಟೆ ಬಂದಿದ್ದರೆ ನಡೆಯಿರಿ. ಊಟ ಬದಲಿಸಬೇಕಾಗಿಲ್ಲ, ಬಂಗುಡೆ, ಸೊಪ್ಪು, ಕಾಳು ಇದ್ದರೆ ಸಾಕು.

ಬಸ್‌ಸ್ಟ್ಯಾಂಡ್ ಗೋಡೆಯ 'ಶಕ್ತಿ' ಪುಡಿಗೆ ಮಾತ್ರ ದುಡ್ಡು ಹಾಕಬೇಡಿ. ಅಂಥ ಜಾಹೀರಾತು ನಮಗೂ ಬರುತ್ತವೆ, ನಾವು ಹಾಕುವುದಿಲ್ಲ. ಜಿಮ್ಮಿನಲ್ಲಿ ಯಾರಾದರೂ ಟೆಸ್ಟೋಸ್ಟಿರಾನ್ (ಗಂಡಸರ ಹಾರ್ಮೋನ್) ಇಂಜೆಕ್ಷನ್ ಕೊಡುತ್ತೇನೆ ಅಂದರೆ ಎದ್ದು ಬನ್ನಿ. ಹೊರಗಿನಿಂದ ಹಾರ್ಮೋನ್ ಬಂದರೆ ಮೈ ತಾನೇ ಅದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ. ವೀರ್ಯಾಣು ಪೂರ್ತಿ ಇಲ್ಲವಾಗುವುದೂ ಉಂಟು. ಬಿಪಿ, ಶುಗರ್‌ಗೆ ಮಾತ್ರೆ ತಗೊಳ್ಳುತ್ತಿದ್ದರೆ ನೀವಾಗಿಯೇ ಬಿಡಬೇಡಿ, ಡಾಕ್ಟರನ್ನು ಕೇಳಿ.

ಈಗಲೇ ವೀರ್ಯ ಪರೀಕ್ಷೆ ಬೇಕಾಗಿಲ್ಲ. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ಒಟ್ಟಿಗೆ ಹೋಗಿ. ಚಿಕ್ಕಂದಿನಲ್ಲಿ ವೃಷಣದ ಆಪರೇಶನ್ ಆಗಿದ್ದರೆ, ಮಂಗನಬಾವು ಬಂದಾಗ ಅಲ್ಲಿ ಊದಿದ್ದರೆ ಮಾತ್ರ ಕಾಯಬೇಡಿ. ಪರೀಕ್ಷೆಗೆ ಮುಂಚೆ ಎರಡರಿಂದ ಏಳು ದಿನ ವೀರ್ಯ ಹೊರಹೋಗಿರಬಾರದು. ಹಿಂದಿನ ಮೂರು ತಿಂಗಳಲ್ಲಿ ಜೋರು ಜ್ವರ ಬಂದಿದ್ದರೆ ಅದನ್ನೂ ಹೇಳಿ, ಜ್ವರದಿಂದಲೂ ಸಂಖ್ಯೆ ಇಳಿಯುತ್ತದೆ.

ಮುಂದಿನ ಸಲ ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಹೊರಗೆ ಬೈಕಿನ ಮೇಲೆ ಕೂತು ಕಾಯಬೇಡಿ. ಕೌಂಟರಿನಲ್ಲಿ ನಿಮ್ಮ ಹೆಸರಿಗೂ ಒಂದು ಚೀಟಿ ಮಾಡಿಸಿ.

– ಸಂಪಾದಕ